ಕಾಗದಕ್ಕೆ ಸಿಗದ ಹೆಸರು

ಆ ಡೇಟಾ ಕಳ್ಳರ ದನಿ ಮೊದಲ ಸಲ ಕಿವಿಗೆ ಬಿದ್ದ ದಿನ ಶೇವಂತಾಬಾಯಿಗೆ ಭಯವಾಗಲಿಲ್ಲ, ಸಿಟ್ಟೂ ಬರಲಿಲ್ಲ. ನಾಚಿಕೆ ಬಂತು. ಅರವತ್ತು ದಾಟಿದ ಮೇಲೆ ಬಂದ ಆ ನಾಚಿಕೆಯೇ ಮನೆ ಮುಳುಗಿಸಿತು. (ಮುಳುಗಲು ಊರಲ್ಲಿ ನೀರೇ ಇರಲಿಲ್ಲ, ಆ ಮಾತು ಬೇರೆ.)

ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆಯದು. ಬೀದರ ಕಡೆಯ ಸಂತಪುರದ ಬಾವಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಹೈದರಾಬಾದಿನ ಕಡೆ ಹೋಗುವ ಬಸ್ಸುಗಳಲ್ಲಿ ಮನುಷ್ಯರಿಗಿಂತ ಹಾಸಿಗೆ ಸುರುಳಿಗಳೇ ಹೆಚ್ಚು. ಅಂಥ ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಫೋನು ಕೂಗಿತು. ಎತ್ತಿದರೆ, ಪಾಕಕ್ಕೆ ಬಂದ ಬೆಲ್ಲದಂಥ ದನಿ.

"ಶೇವಂತಾಬಾಯಿ ಅವರೇ ಮಾತಾಡುತ್ತಿರುವುದಾ?"

ಮದುವೆಯಾದಾಗಿನಿಂದ ಅವಳನ್ನು ಯಾರೂ ಅಷ್ಟು ಮರ್ಯಾದೆಯಿಂದ ಹೆಸರು ಹಿಡಿದು ಕರೆದಿರಲಿಲ್ಲ, ಮುಖಕ್ಕೆ ನಾಚಿಕೆ ಏರಿತು. ಊರಿಗೆ ಅವಳು "ಕಾಶೀರಾಮನ ಮನಿಯಾಕಿ". ಮಗಳು ಕೌಸಲ್ಯಾ ಹುಟ್ಟಿದ ಮೇಲೆ "ಕೌಸಲ್ಯಾನ ಅವ್ವ". ಕಾಶೀರಾಮನಿಗಂತೂ "ಏ" ಎಂಬ ಒಂದಕ್ಷರದಲ್ಲಿ ಇಡೀ ಸಂಸಾರ ಮುಗಿದಿತ್ತು. ಈ ದನಿ ಮಾತ್ರ ಅವಳ ಹೆಸರು ಹೇಳಿತು, ಗಂಡನ ಹೆಸರು ಹೇಳಿತು, ಹುಟ್ಟಿದ ವರ್ಷ, ಬ್ಯಾಂಕು, ಮನೆಯಲ್ಲಿರುವ ನೀರಿನ ನೀಲಿ ಡ್ರಮ್ಮು, ಎಲ್ಲ ಹೇಳಿತು. ಇಷ್ಟೆಲ್ಲ ತಿಳಿದವನು ದೂರದ ಬೀಗನೇ ಇರಬೇಕೆಂದು ಅವಳು "ಊಟಾ ಆತೇನ್ರಿ?" ಎಂದಳು.

ಅವನಿಗೆ ಊಟ ಬೇಕಾಗಿರಲಿಲ್ಲ. ಫೋನಿಗೆ ಬಂದ ನಂಬರೊಂದನ್ನು ಓದಿ ಹೇಳಿದರೆ ಸಾಕಾಗಿತ್ತು.

"ನನಗ ಓದಲಾಕ ಬರಂಗಿಲ್ರಿ. ನಮ್ಮ ಮನಿಯವರು ಛಂದ ಓದ್ತಾರ. ತಡೀರಿ."

ಇಲ್ಲೇ ಘಾತವಾದದ್ದು. ಕಾಶೀರಾಮ ದನದ ದವಾಖಾನೆಯಲ್ಲಿ ಜವಾನನಾಗಿ ಜನ್ಮ ಸವೆಸಿದವನು. ವಿಮೆ ಮಾಡಿಸಿದ ಎಮ್ಮೆಯ ಕಿವಿಯಲ್ಲಿರುವ ಬಿಲ್ಲೆಯ ನಂಬರನ್ನು ದೂರ ಕೂತ ಡಾಕ್ಟರಿಗೆ ಕೇಳುವಂತೆ ಕೂಗಿ ಹೇಳುವುದೇ ಅವನ ನೌಕರಿಯ ಪರಮ ವಿದ್ಯೆ. ನಂಬರು ಕಂಡರೆ ಸಾಕು, ಎದೆ ಉಬ್ಬಿ ದನಿ ತಾನೇ ಏಳುತ್ತಿತ್ತು. ಆ ದಿನವೂ ಅಂಗಳದಲ್ಲಿ ನಿಂತು ಒಂದೊಂದೇ ಅಂಕಿ ಬಿಡಿಸಿ ಕೂಗಿದ. ಕೂಗಿ, ರೂಢಿಯಂತೆ "ಮತ್ತೊಮ್ಮೆ ಹೇಳ್ಲೇನ್ರಿ?" ಎಂದೂ ಕೇಳಿದ.

ಗೋಡೆಯಾಚೆಯ ಚಾಂದಬೀ ಕೈಯಲ್ಲಿದ್ದ ಕೊಡ ಬಿಟ್ಟು ಓಡಿ ಬಂದಳು. "ಯಾ ಅಲ್ಲಾ! ಬಂದ್ ಮಾಡ್ರಿ ಕಾಕಾ ಫೋನಾ! ಕಳ್ಳರು ಇದ್ದಾರ ಅವರು!"

ಅಷ್ಟರಲ್ಲಿ ಶೇವಂತಾಬಾಯಿಯ ಖಾತೆ ಗುಡಿಸಿ ಸಾರಿಸಿದಂತಾಗಿತ್ತು. ಮೇವಿಲ್ಲದೆ ಮಾರಿದ ಎರಡು ಎಮ್ಮೆಗಳ ಹಣ ಅದರಲ್ಲಿತ್ತು. ಹಟ್ಟಿಯಿಂದ ಒಮ್ಮೆ ಹೋಗಿದ್ದ ಎಮ್ಮೆಗಳು ಫೋನಿನಿಂದ ಇನ್ನೊಮ್ಮೆ ಹೋದವು.

"ಡ್ರಮ್ ಕೊಟ್ಟಾರಲ್ಲ ಭಾಲ್ಕಿ ಟ್ರಸ್ಟಿನವರು, ಅವರ ಕಡಿಂದ ನಾವು ಕೊಟ್ಟ ಜೆರಾಕ್ಸ್ ಕಾಗದ ಹೊರಗ ಹೋಗ್ಯಾವಂತ" ಎಂದಳು ಚಾಂದಬೀ. "ಡ್ರಮ್ ತಗೊಂಡವರಿಗೇ ಆರಿಸಿ ಆರಿಸಿ ಫೋನ್ ಬರಲಾಕತ್ಯಾವ. ನಿಮ್ಮ ಜನ್ಮಪತ್ರಿ ಎಲ್ಲಾ ಅವರ ಕೈಯಾಗ ಅದ."

ಕಾಶೀರಾಮ ಹೆಂಡತಿಯತ್ತ ತಿರುಗಿದ. "ಫೋನ್ ಎತ್ತಿದಾಕಿ ಯಾರು?"

"ಒದರಿದವರು ಯಾರು? ಔರಾದ ತನಕ ಕೇಳಿಸ್ಯಾದ!"

"ನೀ ಅವನಿಗಿ ಊಟಾ ಕೇಳ್ದಿ!"

"ಉಂಡು ಹೋಗಿದ್ರ ರೊಟ್ಟಿ ಹೋಗ್ತಿದ್ವು, ಎಮ್ಮಿ ಉಳೀತಿದ್ವು!"

ಮರುದಿನ ಇಬ್ಬರೂ ಬೀದರಿಗೆ ಹೋಗಿ ನಜಮೋದ್ದೀನ ವಕೀಲರ ಮುಂದೆ ಕೂತರು. ವಕೀಲರು ಬೀಸಣಿಗೆ ಬೀಸಿಕೊಳ್ಳುತ್ತ ಹೇಳಿದರು. "ಎರಡು ಕೆಲಸ ಅವ. ಮೊದಲು ಬಾಗಿಲಾ ಹಾಕ್ರಿ. ಬ್ಯಾಂಕಿಗಿ ಹೇಳಿ ಖಾತಾ ಬಂದ್ ಮಾಡಿಸಿ, ಕಾರ್ಡ್ ಬದಲಿ ಮಾಡ್ರಿ, ಪೊಲೀಸರಿಗಿ ಬರೆದು ಕೊಡ್ರಿ. ಇನ್ಮ್ಯಾಲೆ ಯಾರಿಗೇ ಜೆರಾಕ್ಸ್ ಕೊಟ್ರೂ ಅದರ ಮೈಮ್ಯಾಲೆ ಯಾತಕ್ಕ ಕೊಟ್ಟೀವಂತ ಅಡ್ಡ ಬರೀರಿ. ಆಮ್ಯಾಲೆ ನುಕ್ಸಾನದ ಮಾತು. ಮಂದಿ ಕಾಗದ ಇಸಕೊಂಡು ಜೋಪಾನ ಮಾಡಲಾರದವರು ಭರ್ತಿ ಮಾಡಿ ಕೊಡಬೇಕಂತ ಕಾಯ್ದಾ ಅದ. ಟ್ರಸ್ಟಿಗಿ ನೋಟಿಸ್ ಕಳಸ್ತೇನಿ. ಆದ್ರ ಆ ನಂಬರ್ ಕಳ್ಳರಿಗಿ ಹೇಳಿದವರು ಯಾರಂತ ಅವರು ಕೇಳ್ತಾರ."

ಕಾಶೀರಾಮ ಬೀಸಣಿಗೆಯನ್ನೇ ನೋಡುತ್ತ ಕೂತ.

"ಇರ್ಲಿ. ಅರ್ಜಿಗಿ ಇಬ್ಬರವೂ ಆಧಾರ್ ಜೆರಾಕ್ಸ್, ಫೋಟೊ, ಪಾಸ್‌ಬುಕ್, ಎಲ್ಲಾ ನಾಕ್ ನಾಕ್ ಪ್ರತಿ ತರ್ರಿ."

ಹೀಗೆ, ಕಾಗದ ಹೊರಗೆ ಹೋಯಿತೆಂದು ಹೇಳಲು ನಾಲ್ಕು ಪಟ್ಟು ಕಾಗದ ಹೊರಗೆ ಹೋಯಿತು.

ಬ್ಯಾಂಕಿನಲ್ಲಿ ಹೊಸ ಆಫೀಸರಮ್ಮ ಇದ್ದಳು. ಇನ್ನು ಮುಂದೆ ಫೋನಿನಲ್ಲಿ ಮಾತಾಡುವವಳು ಶೇವಂತಾಬಾಯಿಯೇ ಹೌದೆಂದು ತಿಳಿಯಲು ಒಂದು ಗುಟ್ಟಿನ ಮಾತು ಬೇಕು ಎಂದಳು. "ಯಾವ ಕಾಗದದಲ್ಲೂ ಇರಬಾರದಮ್ಮ. ನಿಮ್ಮನ್ನು ಬಿಟ್ಟು ಯಾರಿಗೂ ಗೊತ್ತಿರಬಾರದು."

ಶೇವಂತಾಬಾಯಿ ಕೂತಲ್ಲೇ ತನ್ನ ಬಾಳನ್ನೆಲ್ಲ ಜಾಲಾಡಿದಳು. ಹುಟ್ಟಿದ್ದು ಕಾಗದದಲ್ಲಿತ್ತು, ಲಗ್ನ ಕಾಗದದಲ್ಲಿತ್ತು, ಹೆಬ್ಬೆಟ್ಟು ಕಾಗದದಲ್ಲಿತ್ತು, ಬಡತನಕ್ಕೂ ಒಂದು ಕಾರ್ಡು ಇತ್ತು. ಕಡೆಗೆ ಒಂದು ಸಿಕ್ಕಿತು. ಎದ್ದು ಹೋಗಿ ಆಫೀಸರಮ್ಮನ ಕಿವಿಯಲ್ಲಿ ಹೇಳಿದಳು. ತೆರೆಯ ಮೇಲೆ ಬರೀ ಚುಕ್ಕಿಗಳು ಬಿದ್ದವು.

"ಏನು ಹೇಳ್ದಿ?" ಎಂದ ಕಾಶೀರಾಮ ಹೊರಗೆ ಬಂದೊಡನೆ.

"ನನ್ನ ಹೆಸರು."

"ಶೇವಂತಾ ಎಲ್ಲಾ ಕಡಿ ಅದಲ್ಲೇ, ಹುಚ್ಚಿ!"

"ಅದು ನೀವು ಇಟ್ಟದ್ದು. ನನ್ನ ಹೆಸರು ಬ್ಯಾರೆ."

ಆ ಕಡೆಯ ಪದ್ಧತಿ ಹಾಗೆ. ಲಗ್ನದ ದಿನ ತಾಟಿನಲ್ಲಿ ಅಕ್ಕಿ ಹರವುತ್ತಾರೆ. ಮದುಮಗ ಉಂಗುರದ ತುದಿಯಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹುಡುಗಿಗೆ ಅದೇ ಹೆಸರು, ತವರಿನವರೂ ಹಾಗೇ ಕರೆಯಬೇಕು. ಕಾಶೀರಾಮನೂ ಬರೆದಿದ್ದ. ಯಾವ ಹೆಸರನ್ನು ಅಳಿಸಿ ಬರೆಯುತ್ತಿದ್ದೇನೆಂದು ಅಂದು ಕೇಳಿರಲಿಲ್ಲ. ಕೇಳಿದ್ದನೋ ಏನೋ, ಊಟದ ಗದ್ದಲದಲ್ಲಿ ಮರೆತಿದ್ದ. ಈಗ ಮನ್ನಳ್ಳಿಯ ತವರಿನಲ್ಲಿ ಅವ್ವ ಇಲ್ಲ, ಅಣ್ಣ ಇಲ್ಲ. ಅವಳ ಹೊರತು ಆ ಹೆಸರು ಬಲ್ಲವರು ಭೂಮಿಯ ಮೇಲೆ ಆ ಆಫೀಸರಮ್ಮ ಒಬ್ಬಳೇ.

"ಏನದು? ನನಗ ಹೇಳು."

"ಹೇಳಂಗಿಲ್ಲ. ನೀವು ಒದರ್ತೀರಿ."

"ನಾ ನಿನ್ನ ಗಂಡ!"

"ಗಂಡ ಅಂತಲೇ ಹೇಳಂಗಿಲ್ಲ. ಎಮ್ಮಿ ನಂಬರ್ ಹೇಳ್ದಂಗ ಊರಿಗೆಲ್ಲ ಹೇಳ್ತೀರಿ. ಇದೊಂದು ಉಳದದ. ಇದೂ ಹೋದ್ರ ನಾ ಪೂರಾ ಖಾಲಿ."

"ನೀ ಸತ್ರ ಖಾತಾ ಯಾರು ತೆಗೀಬೇಕು?"

"ನೀವು ಮೊದಲ ಸತ್ರ?"

ಬಸ್ಸು ಬಂದಾಗ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಅವಮಾನಿತನಾದ ಕಾಶೀರಾಮ ಮನೆಯ ಗೌಪ್ಯರಕ್ಷಣಾ ಮಹಾಮಂತ್ರಿಯ ಪದವಿಯನ್ನು ತಾನೇ ತಾನಾಗಿ ಸ್ವೀಕರಿಸಿದ. ಬಾಗಿಲ ಮೇಲಿನ ಮನೆ ನಂಬರಿಗೆ ಸಗಣಿ ಮೆತ್ತಿದ. ಟ್ಯಾಂಕರಿನವನು ಮನೆಯಲ್ಲಿ ಮಂದಿ ಎಷ್ಟೆಂದು ಕೇಳಿದರೆ "ನಿನಗ್ಯಾಕ?" ಎಂದ. ಆ ದಿನ ಅವರ ಪಾಲಿಗೆ ಒಂದೇ ಕೊಡ ನೀರು ಬಂತು. ಕಿಸೆಯಲ್ಲಿ ಚೀಟಿ, ಕಾರ್ಡು ಏನನ್ನೂ ಇಡದೆ ತಿರುಗತೊಡಗಿದ. ಹೆಂಡತಿಗೆ ಒಂದು ಶಾಸನ ಹೊರಡಿಸಿದ. "ಗುರುತಿಲ್ಲದ ಫೋನ್ ಬಂದ್ರ ನಂಬಬ್ಯಾಡ. ನಾನೇ ಸಾಯ್ಲಾಕ ಬಿದ್ದೀನಂತ ಹೇಳಿದ್ರೂ ನಂಬಬ್ಯಾಡ. ಗೊತ್ತಿಲ್ಲಂತ ಹೇಳಿ ಇಟ್ಟುಬಿಡು."

ಒಳಗೊಳಗೆ ಮಾತ್ರ ಆ ಹೆಸರು ಅವನನ್ನು ಗೆದ್ದಲಿನಂತೆ ತಿನ್ನುತ್ತಿತ್ತು. ಊಟಕ್ಕೆ ಕೂತು "ಸುಂದ್ರಾ ಏನ?" ಎನ್ನುವನು. ನೀರು ಕುಡಿದು "ಪಾರೂ?" ಎನ್ನುವನು. ಒಮ್ಮೆ ಟ್ಯಾಂಕರಿನ ಪಾಳಿಯಲ್ಲೇ ನಿಂತು "ಗೋದಾ?" ಎಂದು ಪರೀಕ್ಷೆ ಮಾಡಿದ. ಆ ಹೆಸರಿನ ಹೆಂಗಸೊಬ್ಬಳು ಕೊಡ ಎತ್ತಿಕೊಂಡೇ ಬಂದಳು. "ಈ ವಯಸ್ಸಿನಾಗ ಮಂದಿ ಹೆಣ್ಮಕ್ಕಳ ಹೆಸರು ಹಿಡದು ಕರೀತೀಯೇನೋ ಮುದಿಯಾ?" ಬಿಡಿಸಲು ಚಾಂದಬೀಯೇ ಬರಬೇಕಾಯಿತು. ಭಾಲ್ಕಿಯ ಮಗಳಿಗೆ ಫೋನು ಮಾಡಿ ಕೇಳಿದರೆ, ಕೌಸಲ್ಯಾ "ಅವ್ವಗ ಅವ್ವ ಅಂತೇನಿ, ಇನ್ನೊಂದು ಹೆಸರು ಎಲ್ಲಿಂದ ತರ್ಲಿ?" ಎಂದಳು.

ಅಷ್ಟರಲ್ಲಿ ನೋಟಿಸಿಗೆ ಉತ್ತರವಾಗಿ ಟ್ರಸ್ಟಿನ ಮಚ್ಛೇಂದ್ರ ಎಂಬವನು ಟಂಟಂ ಗಾಡಿಯಲ್ಲಿ ಬಂದ. ಪರಿಹಾರ ತಂದಿದ್ದ. ಇನ್ನೊಂದು ನೀಲಿ ಡ್ರಮ್ಮು.

"ರಾಜಿ ಮಾಡ್ಕೊಳ್ರಿ ಕಾಕಾ. ಇಲ್ಲಿ ಕಾಕೂನ ಹೆಸರು, ಜನ್ಮ ತಾರೀಖು, ಫೋನ್ ನಂಬರ್ ಬರೆದು ಹೆಬ್ಬೆಟ್ಟು ಒತ್ತಿದ್ರ ಆತು."

"ಒಂದು ಡ್ರಮ್ಮೇ ತುಂಬವೊಲ್ದು, ಎರಡನೇದು ಯಾತಕ್ಕೋ?" ಎಂದಳು ಶೇವಂತಾಬಾಯಿ. "ಒಂದರಾಗ ನಾ ಕೂಡ್ತೇನಿ, ಒಂದರಾಗ ಇವರು ಕೂಡ್ತಾರೇನು?"

ಡ್ರಮ್ಮು ಬಂದ ಗಾಡಿಯಲ್ಲೇ ಹೋಯಿತು. ವಕೀಲರು ಬರೆದ ಅರ್ಜಿ ಬೆಂಗಳೂರಿಗೆ ಹೋಗಿ ತಣ್ಣಗೆ ಕೂತಿತು.

ಮರುವಾರ ಕಾಶೀರಾಮ "ಔರಾದಿಗಿ ಹೋಗಿ ಬರ್ತೇನಿ" ಎಂದು ಹೇಳಿ, ಬೆಳಿಗ್ಗೆ ಬಸ್ಸು ಹಿಡಿದು ಹೋದದ್ದು ಮನ್ನಳ್ಳಿಗೆ. ಹೆಂಡತಿಯ ತವರು ಮನೆಗೆ ಬೀಗ ಬಿದ್ದಿತ್ತು. ಸೋದರಳಿಯಂದಿರೆಲ್ಲ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಬೇವಿನ ಕಟ್ಟೆಯ ಮೇಲೆ ಬಳೆ ಮಾರುವ ಉಸ್ಮಾನ ಮಿಯಾ ಕೂತಿದ್ದ, ಸುತ್ತ ಕೆಲಸವಿಲ್ಲದ ನಾಲ್ಕು ಹುಡುಗರು.

"ಈ ಮನಿ ಮಗಳ ಲಗ್ನದ ಮೊದಲಿನ ಹೆಸರು ಏನಿತ್ರಿ?" ಎಂದ ಕಾಶೀರಾಮ.

ಉಸ್ಮಾನ ಮಿಯಾ ಕಣ್ಣು ಕಿರಿದು ಮಾಡಿದ. "ನಾ ಬಳಿ ಇಡುವಾಗ ಕೈ ನೋಡ್ತೇನಿ, ಹೆಸರು ಕೇಳಂಗಿಲ್ಲ. ನಿಮಗ್ಯಾಕ ಬೇಕ್ರಿ ಮಂದಿ ಮನಿ ಹೆಣ್ಣುಮಗಳ ಹೆಸರು? ನೀವು ಯಾರು?"

ಇಲ್ಲಿ ಸುಮ್ಮನೆ ಹೆಸರು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಮಹಾಮಂತ್ರಿ ಎದೆ ಸೆಟೆಸಿ, "ಅದೆಲ್ಲಾ ಹೇಳಂಗಿಲ್ಲ" ಎಂದ.

"ಕಾರ್ಡ್ ತೋರಸ್ರಿ."

"ಕಾರ್ಡ್ ಇಟ್ಕೊಂಡು ತಿರಗಂಗಿಲ್ಲ."

ಹುಡುಗರು ಎದ್ದು ನಿಂತರು. ಡೇಟಾ ಕಳ್ಳರ ಫೋನುಗಳು ಮನ್ನಳ್ಳಿಗೂ ಬಂದಿದ್ದವು. ಫೋನು ಬಿಟ್ಟು ಕಳ್ಳ ಖುದ್ದು ಬಂದಿದ್ದಾನೆಂದು ಅವರಿಗೆ ಖುಷಿಯೇ ಆಯಿತು. ಕಾಶೀರಾಮನನ್ನು ಶಾಲೆಯ ಮುಂದಿನ ಬಟಾಬಯಲಲ್ಲಿ ಕೂರಿಸಿದರು. ಬಿಸಿಲು ಏರಿ ನಾಲಿಗೆ ಒಣಗಿದ ಮೇಲೆ ಅವನ ಶಪಥವೂ ಒಣಗಿತು. ತಾನು ಯಾರೆಂದು ಹೇಳಿ, ಹೆಂಡತಿಯ ನಂಬರು ಕೊಟ್ಟ. ಒಬ್ಬ ಹುಡುಗ ಫೋನು ಹಚ್ಚಿದ.

"ಕಾಕು, ಇಲ್ಲಿ ಮನ್ನಳ್ಳಿಯಾಗ ಒಬ್ಬ ಮುದುಕ ಸಿಕ್ಕಾನ. ಕಾಶೀರಾಮ, ನಿಮ್ಮ ಗಂಡ ಅಂತಾನ. ಖರೇ ಏನ್ರಿ?"

ಶೇವಂತಾಬಾಯಿಗೆ ನಗು ಬಂತು. ಔರಾದಿಗೆ ಹೋದ ಗಂಡ ಮನ್ನಳ್ಳಿಯಲ್ಲಿ ಹೇಗೆ ಸಿಕ್ಕಾನು? ಈ ಸಲ ಅವಳು ಊಟ ಕೇಳಲಿಲ್ಲ. "ನನಗ ಗೊತ್ತಿಲ್ಲ. ಇಟ್ಕೋರಿ ಅವನಿಗಿ ನೀವೇ" ಎಂದು ಕತ್ತರಿಸಿದಳು. ಚಾಂದಬೀಯನ್ನು ಕರೆದು "ಇವತ್ತು ಹ್ಯಾಂಗ ಹೇಳ್ದೆ ನೋಡು!" ಎಂದು ಹೆಮ್ಮೆಪಟ್ಟಳು. ಆ ಹೆಮ್ಮೆಯಲ್ಲಿ ಒಂದು ಲೋಟ ಚಹಾ ಹೆಚ್ಚು ಕುಡಿದಳು.

ಇಳಿಹೊತ್ತಿಗೆ ಬಂದ ಬಸ್ಸಿನ ಕಂಡಕ್ಟರ್ ಔರಾದ ಕಡೆಯವನು. "ಅಯ್ಯ, ಇಂವ ಸಂತಪುರದ ದನದ ದವಾಖಾನಿ ಕಾಶೀರಾಮ ಇದ್ದಾನೋ!" ಎಂದು ಬಿಡಿಸಿದ. ಹುಡುಗರು ಕಾಲಿಗೆ ಬಿದ್ದರು, ನೀರು ಕುಡಿಸಿದರು. ಆದರೆ ಬಿಸಿಲು ಅಷ್ಟು ಹೊತ್ತಿಗೆ ತನ್ನ ಕೆಲಸ ಮುಗಿಸಿತ್ತು.

ಬೀದರಿನ ಆಸ್ಪತ್ರೆಯಲ್ಲಿ ಅವನ ಮೈ ಬಾಣಲೆಯಂತೆ ಕಾಯುತ್ತಿತ್ತು. ಶೇವಂತಾಬಾಯಿ ಒದ್ದೆ ಸೆರಗಿನಿಂದ ಹಣೆ ಒರೆಸುತ್ತ ಅಳುತ್ತಿದ್ದಳು. ಕಣ್ಣು ತೆರೆದವನು ಮೊದಲು ಹೇಳಿದ್ದು, "ಛಲೋ ಮಾಡ್ದಿ. ನಾ ಹೇಳ್ದಂಗೇ ಮಾಡ್ದಿ. ಶಾಣ್ಯಾಕಿ ಆದಿ."

"ಸುಟ್ಟ ಬರ್ಲಿ ನನ್ನ ಶಾಣ್ಯಾತನಕ್ಕ" ಎಂದಳು. "ಅಲ್ಲಿ ಯಾಕ ಹೋದ್ರಿ? ಇಷ್ಟು ದಿನಾ ಬ್ಯಾಡಾಗಿದ್ದ ಹೆಸರು ಈಗ್ಯಾಕ ಬೇಕಾತು?"

ಕಾಶೀರಾಮ ಅವಳ ಒದ್ದೆ ಸೆರಗಿನ ತುದಿ ಹಿಡಿದುಕೊಂಡ. ಆಮೇಲೆ ಹೇಳಿದ. "ಆ ಕಳ್ಳಗ ನಿನ್ನ ಬಗ್ಗೆ ಎಲ್ಲಾ ಗೊತ್ತಿತ್ತು. ಅಂವಗ ಗೊತ್ತಿಲ್ಲದ್ದು ಒಂದಾದ್ರೂ ನನಗ ಗೊತ್ತಿರಬೇಕು ಅನ್ನಸ್ತು."

ಬಿಗಿ ಹಿಡಿದುಕೊಂಡಿದ್ದ ಅವಳ ಮನಸ್ಸು ಅಲ್ಲಿಗೆ ಕರಗಿತು. ಅತ್ತಿತ್ತ ನೋಡಿದಳು. ಪಕ್ಕದ ಮಂಚದ ಹೆಂಗಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಗಿ, ಅವನ ಕಿವಿಗೆ ಬಾಯಿ ಹಚ್ಚಿ, ಹೇಳಿದಳು. (ಏನೆಂದು ಇಲ್ಲಿ ಬರೆಯುವಂತಿಲ್ಲ. ಇದೂ ಕಾಗದವೇ.)

ಅವನು ಕೂಗಲಿಲ್ಲ. ಜನ್ಮದಲ್ಲಿ ಮೊದಲ ಸಲ, ಕೇಳಿದ್ದನ್ನು ಕೇಳಿದಷ್ಟೇ ಮೆಲ್ಲಗೆ ಬಾಯೊಳಗೆ ಆಡಿಸಿಕೊಂಡ. ಕಣ್ಣು ಮುಚ್ಚಿದ. ಶೇವಂತಾಬಾಯಿ ಕಿಟಕಿಯ ಕಡೆ ತಿರುಗಿ ಸೆರಗು ಹಿಂಡುತ್ತ ನಿಂತಳು.

ಹಿಂದಿನಿಂದ ಆ ಹೆಸರು ಕೇಳಿಸಿತು. ಯಾರೋ ಯಾರನ್ನೋ ಮೆತ್ತಗೆ ಕರೆದಂತೆ. ಅವಳು ಸೆರಗು ಹಿಂಡುತ್ತಲೇ ಇದ್ದಳು. ಇನ್ನೊಮ್ಮೆ ಕೇಳಿಸಿತು. ಪಾಪ, ಯಾರನ್ನು ಕರೆಯುತ್ತಿದ್ದಾರೋ, ಆ ಹೆಂಗಸಿಗೆ ಕಿವಿ ಮಂದವೇನೋ ಎಂದು ಪಕ್ಕದ ಮಂಚದ ಕಡೆ ನೋಡಿ, "ಅಕ್ಕಾ, ನಿಮಗ ಕರೀಲಾಕತ್ಯಾರ ನೋಡ್ರಿ" ಎಂದಳು. ಗೋಡೆಗೆ ಮುಖ ಮಾಡಿದ್ದ ಹೆಂಗಸು ತಿರುಗಿ, ಇಲ್ಲವೆಂದು ತಲೆಯಾಡಿಸಿದಳು.

ಆಗ ಶೇವಂತಾಬಾಯಿ ಗಂಡನ ಕಡೆ ನೋಡಿದಳು. ಕರೆದವನು ಅವನೇ, ಅವಳನ್ನೇ ನೋಡುತ್ತಿದ್ದ. ತುಟಿಗಳು ಒಣಗಿ ಬಿರಿದಿದ್ದವು, ಕಣ್ಣಲ್ಲಿ ಮಾತ್ರ ಒಂದು ಅನುಮಾನ ತೇವವಾಗಿತ್ತು. ಕೇಳಿದ್ದು ಇಷ್ಟೇ.

"ಖರೇ ಹೇಳು. ಅದು ನಿನ್ನ ಹೆಸರೇ ಹೌದಿಲ್ಲ?"