ಕಂದೀಲು ತಾತನ ಶ್ರದ್ಧಾಂಜಲಿ

ಷಡಕ್ಷರಿ ಶನಿವಾರ ಸಂಜೆ ಫ್ಲೆಕ್ಸ್ ಅಂಗಡಿಯ ಸಿದ್ದರಾಜುವಿಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: "ಓರಿನ್ ತಾತ, 1996–2006, ಶ್ರದ್ಧಾಂಜಲಿ." ಜೊತೆಗೊಂದು ಸೀಡಿ, ಅದರಲ್ಲೊಂದು ಚಿತ್ರ. ಎದೆಯುದ್ದ ಬಿಳಿ ಗಡ್ಡದ ಮುದುಕ, ಹೆಚ್ಚುಕಡಿಮೆ ಕಾವಿ ಬಣ್ಣದ ನಿಲುವಂಗಿ, ಕೈಯಲ್ಲಿ ಉರಿಯುವ ಕಂದೀಲು. ಬೆಳಗಾಗುವಷ್ಟರಲ್ಲಿ ಇದು ಕುಂಬಾರಕೊಪ್ಪಲಿನಲ್ಲಿ ಮಹೇಂದ್ರನ ಕಂಪ್ಯೂಟರ್ ಸೆಂಟರಿನ ಎದುರಿಗೇ ಇರಬೇಕು ಎಂದು ಹೇಳಿ ಷಡಕ್ಷರಿ ಸರಸರ ಹೊರಟುಬಿಟ್ಟ. ನಿಂತು ಇನ್ನೊಂದು ಮಾತು ವಿವರಿಸಿದ್ದರೆ ಮುಂದಿನ ಫಜೀತಿ ಯಾವುದೂ ಆಗುತ್ತಿರಲಿಲ್ಲ. ಆದರೆ ಮೂವತ್ತೆಂಟು ವರ್ಷದ ಗಂಡಸು, ಕಾಲೇಜು ಲೈಬ್ರರಿಯ ಗುಮಾಸ್ತ, ಕಂಪ್ಯೂಟರ್ ಗೇಮಿನಲ್ಲಿ ಸತ್ತ ಮುದುಕನಿಗೆ ಫ್ಲೆಕ್ಸ್ ಹಾಕಿಸುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಬೇಕು?

"ಡೀಪ್ ಲ್ಯಾಂಟರ್ನ್" ಎಂಬ ಆ ಗೇಮು ಹತ್ತು ವರ್ಷಗಳಲ್ಲಿ ಆರು ಭಾಗವಾಗಿ ಬಂದಿತ್ತು. ಓರಿನ್ ಎಂಬ ಮುದುಕ ಕಂದೀಲು ಹಿಡಿದು ನೀರಿನಡಿ ಮುಳುಗಿದ ಊರುಗಳಿಗೆ ಇಳಿಯುವುದು, ಒಗಟು ಬಿಡಿಸಿ ಬಾಗಿಲು ತೆರೆಯುವುದು, ಅಲ್ಲಿ ಸಿಕ್ಕಿಕೊಂಡವರನ್ನು ಮೇಲಕ್ಕೆ ಕರೆತರುವುದು. ಅಷ್ಟೇ. ಈ ಅಷ್ಟರ ಮೇಲೆ ಷಡಕ್ಷರಿಗಿದ್ದ ಅಭಿಪ್ರಾಯಗಳು ಮಾತ್ರ ಲೈಬ್ರರಿಯ ಪುಸ್ತಕಗಳಿಗಿಂತ ಹೆಚ್ಚು. ಮೊದಲನೆಯದು ಚಿತ್ರ ಮಸುಕಾದರೂ ಮನಸ್ಸಿಟ್ಟು ಮಾಡಿದ್ದು. ಎರಡನೆಯದಕ್ಕೆ ಸಾಟಿಯಿಲ್ಲ. ಮೂರನೆಯದರಲ್ಲಿ ಕಂಪನಿಯವರು ತಾತನ ಕೈಗೆ ಬಂದೂಕು ಕೊಟ್ಟು ಕುಲಗೆಡಿಸಿದರು. ಐದನೆಯದರಲ್ಲಿ ತಾತನ ದನಿಯನ್ನೇ ಬದಲಾಯಿಸಿದರು, ಆ ಪಾಪಕ್ಕೆ ಪರಿಹಾರವಿಲ್ಲ. ಈ ನಾಲ್ಕು ವಿಷಯದಲ್ಲಿ ಗೆಳೆಯ ಮಹೇಂದ್ರನದೂ ಅದೇ ಮಾತು. ಜಗಳವಾದದ್ದು ನಾಲ್ಕನೆಯ ಭಾಗದ ಮೇಲೆ.

ನಾಲ್ಕನೆಯದರಲ್ಲಿ ತಾತ ಎಲ್ಲಿಗೂ ಇಳಿಯುವುದೇ ಇಲ್ಲ. ಒಂದು ದೋಣಿಯಲ್ಲಿ ಕೂತು ಹುಟ್ಟು ಹಾಕುತ್ತಲೇ ಇರುತ್ತಾನೆ, ಹಳೆಯ ಗೆಳೆಯರನ್ನು ನೆನೆಯುತ್ತಾನೆ. "ನಾಳೆ ಆರನೇದು ಬಂದ್ರೂ ಬೆಸ್ಟ್ ಇದೇ ಆಗೋದು, ಬರ್ದಿಟ್ಕೋ," ಎಂದ ಮಹೇಂದ್ರ. "ಇದನ್ನ ಚೆನ್ನಾಗಿದೆ ಅನ್ನೋನು ಗೇಮ್ ಆಡ್ಬಾರ್ದು, ದನ ಕಾಯ್ಬೇಕು," ಎಂದ ಷಡಕ್ಷರಿ, ಸೆಂಟರ್ ತುಂಬ ಗಿರಾಕಿಗಳಿದ್ದಾಗ. ಮಹೇಂದ್ರನ ಅಪ್ಪ ನಿಂಗಯ್ಯನವರು ನಿಜವಾಗಿಯೂ ದನ ಕಾಯ್ದು ಮಗನನ್ನು ಓದಿಸಿದವರು. ಮಹೇಂದ್ರನ ಮುಖ ಬಿಳಿಚಿಕೊಂಡಿತು. "ನನ್ ಅಂಗಡಿ ಮೆಟ್ಲು ಹತ್ಬೇಡ," ಎಂದ. "ಹತ್ತಿದ್ರೆ ಕೇಳು," ಎಂದು ಇವನು ಇಳಿದು ಬಂದ. ಅದಾಗಿ ಮೂರು ವರ್ಷ.

ಆರನೆಯ ಭಾಗವೇ ಕೊನೆ ಎಂದು ಕಂಪನಿ ಸಾರಿತ್ತು. ಅದು ಬಂದು ಮೂರು ತಿಂಗಳಾಗಿತ್ತು. ಷಡಕ್ಷರಿ ಲಕ್ಷ್ಮೀಪುರಂನ ತನ್ನ ಮನೆಯಲ್ಲಿ ಒಬ್ಬನೇ ಆಡಿ ಮುಗಿಸಿದ. ಕೊನೆಯಲ್ಲಿ ತಾತ ಸತ್ತ. ಅಳು ಬಂತು. ಅಳುವಾಗ ಪಕ್ಕಕ್ಕೆ ತಿರುಗಿದ, ಮಹೇಂದ್ರ ಕೂತು ಆಡುತ್ತಿದ್ದ ಕುರ್ಚಿಯಲ್ಲಿ ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಳಿದ್ದವು. ಆಮೇಲೆ ಸಮಾಧಾನವಾಗದೆ ನಾಲ್ಕನೆಯದನ್ನು ಮತ್ತೆ ತೆಗೆದು ಆಡಿದ. ಮಹೇಂದ್ರ ಹೇಳಿದ್ದೇ ಸರಿ. ಆರಲ್ಲೂ ಅದೇ ಬೆಸ್ಟು. ಇದನ್ನು ಅವನಿಗೆ ಹೇಳಬೇಕು, ಹೇಳದಿದ್ದರೆ ಎದೆಯ ಮೇಲಿನ ಭಾರ ಇಳಿಯುವುದಿಲ್ಲ ಅನ್ನಿಸಿತು. ಹೇಗೆ ಹೇಳುವುದು ಎಂದು ವಾರಗಟ್ಟಲೆ ಯೋಚಿಸಿ ಹೊಳೆದದ್ದು ಈ ಫ್ಲೆಕ್ಸ್. ಮಹೇಂದ್ರ ಬೆಳಿಗ್ಗೆ ಬಾಗಿಲು ತೆಗೆಯಲು ಬರುತ್ತಾನೆ, ತಾತನನ್ನು ನೋಡುತ್ತಾನೆ, ನಕ್ಕುಬಿಡುತ್ತಾನೆ, ರಸ್ತೆ ದಾಟಿ ಬಂದು ಹೆಗಲ ಮೇಲೆ ಕೈ ಹಾಕುತ್ತಾನೆ.

ಭಾನುವಾರ ಬೆಳಿಗ್ಗೆ ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಗಂಡನನ್ನು ಪ್ರೇಮಲೀಲಾ ನೋಡಿದಳು.

"ಅಲ್ಲಾರೀ, ಹೋಗಿ ತಪ್ಪಾಯ್ತು ಕಣೋ ಅಂದ್ರೆ ಮುಗೀತಲ್ಲ?"

"ಮೆಟ್ಲು ಹತ್ತಲ್ಲ ಅಂತ ಅಂದ್ಬುಟ್ಟಿದ್ದೀನಲ್ಲೇ."

"ಅದಕ್ಕೆ ಮುದುಕನ್ನ ರಸ್ತೇಲಿ ನೇತ್ ಹಾಕ್ಸಿದ್ರಾ? ಗಂಡಸ್ರ ಬುದ್ಧಿ," ಎಂದಳು. ಆದರೂ ಇಸ್ತ್ರಿ ಮಾಡಿದ ಕರ್ಚೀಫ್ ತಂದುಕೊಟ್ಟಳು.

ಕುಂಬಾರಕೊಪ್ಪಲಿನ ಆ ತಿರುವಿಗೆ ಬಂದ ಷಡಕ್ಷರಿಯ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಬಾಗಿಲಗಲದ ಫ್ಲೆಕ್ಸು. ತಾತನ ಹಣೆಯಲ್ಲಿ ಮೂರು ಗೆರೆ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಮೇಲೆ "ಲಿಂಗೈಕ್ಯ ಶ್ರೀ ಓರಿನಾರಾಧ್ಯ ಮಹಾಸ್ವಾಮಿಗಳು, 1906–2006". ಕೆಳಗೆ "ದುಃಖತಪ್ತ ಭಕ್ತರು: ಷಡಕ್ಷರಿ ಮತ್ತು ಕುಟುಂಬ, ಲಕ್ಷ್ಮೀಪುರಂ". ಏಣಿಯ ಮೇಲೆ ಸಿದ್ದರಾಜು ಕೊನೆಯ ಗಂಟು ಬಿಗಿಯುತ್ತಿದ್ದ.

"ಏನ್ರೀ ಇದು?"

"ಸಾ, ಅವಸರದಲ್ಲಿ ನೀವು ಇಸ್ವಿ ತಪ್ಪು ಬರ್ದುಬುಟ್ಟಿದ್ರಿ," ಎಂದ ಸಿದ್ದರಾಜು ಹೆಮ್ಮೆಯಿಂದ. "ಇಷ್ಟುದ್ದ ಗಡ್ಡ ಇಟ್ಕಂಡು ಹತ್ತು ವರ್ಸಕ್ಕೆ ಯಾರ್ ಸಾಯ್ತಾರೆ? ನಾನೇ ನೂರು ಮಾಡ್ದೆ."

"ವಿಭೂತಿ?"

"ಫೋಟೋದಲ್ಲಿ ಅಳಿಸೋಗಿತ್ತು ಸಾ. ನಿಮ್ ಕಡೆ ಸ್ವಾಮಿಗೋಳಿಗೆ ನಾವು ಯಾವಾಗ್ಲೂ ಇದೇ ಡಿಸೈನ್ ಹಾಕೋದು. ಮಠದೋರು ಒಬ್ರೂ ಇದುವರ್ಗೂ ತಕರಾರು ಎತ್ತಿಲ್ಲ."

ಷಡಕ್ಷರಿ ಬಾಯಿ ತೆರೆಯುವಷ್ಟರಲ್ಲಿ ಹೂ ಮಾರುವ ಬೆಟ್ಟಮ್ಮ ಬುಟ್ಟಿ ಇಳಿಸಿ, ಒಂದು ಮಾರು ಕನಕಾಂಬರವನ್ನು ತಾತನ ಕೊರಳಿನ ಮಟ್ಟಕ್ಕೆ ಸಿಕ್ಕಿಸಿಬಿಟ್ಟಳು. "ಅಯ್ಯೋ ಬುದ್ಧಿ, ನೀವೂ ಹೋಗ್ಬುಟ್ರಾ," ಎಂದು ಕೈ ಮುಗಿದಳು. "ನಮ್ ಮನೆ ಜಗಲೀಲಿ ಕುಂತು ನೀರು ಕುಡ್ದಿದ್ರು ಕಣಪ್ಪ. ಇದೇ ಗಡ್ಡ."

"ಬೇರೆ ಯಾರೋ ಇರ್ಬೇಕು ಕಣಮ್ಮ," ಎಂದ ಷಡಕ್ಷರಿ.

"ನೀರು ಕೊಟ್ಟೋಳು ನಾನು. ನಂಗೆ ಗೊತ್ತಾಗಕಿಲ್ವಾ?"

ಅಷ್ಟರಲ್ಲಿ ಗುರುಮಲ್ಲಪ್ಪನವರು ಬಂದರು. ರಿಟೈರ್ಡ್ ಹೆಡ್‌ಮಾಸ್ಟರು, ಬೀದಿಯ ಸಾವು, ಮದುವೆ, ಕೊಳಾಯಿ ಜಗಳ ಎಲ್ಲಕ್ಕೂ ತಾವೇ ಮುಂದೆ ನಿಲ್ಲುವವರು. ಕನ್ನಡಕ ಹಣೆಗೇರಿಸಿ ಫ್ಲೆಕ್ಸನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಓರಿನಾರಾಧ್ಯರ ಹೆಸರನ್ನು ತಾವು ಕೇಳಿಲ್ಲ ಎಂದು ಹತ್ತು ಜನರೆದುರು ಒಪ್ಪಿಕೊಳ್ಳುವಂಥ ಮನುಷ್ಯ ಅವರಲ್ಲ.

"ದೊಡ್ಡ ಚೇತನ," ಎಂದರು. "ಹಗಲೊತ್ನಲ್ಲೂ ದೀಪ ಹಿಡ್ಕೊಂಡೇ ತಿರುಗಾಡೋರು. ಯಾಕೆ ಅಂತ ಒಂದ್ಸಲ ನಾನೇ ಕೇಳಿದ್ದೆ. ನಕ್ಕರು, ಅಷ್ಟೇ."

ಆಮೇಲೆ ಎಲ್ಲವೂ ತನ್ನಷ್ಟಕ್ಕೆ ನಡೆಯಿತು. ಎಲ್ಲಿಂದಲೋ ಒಂದು ಮೇಜು ಬಂತು, ಬಿಳಿ ಪಂಚೆ ಬಂತು, ಊದುಬತ್ತಿ ಬಂತು. ಗಣೇಶನ ಹಬ್ಬದ ಮೈಕ್ ಸೆಟ್ಟು ಬಂತು. ಇಪ್ಪತ್ತು ಜನ ಐವತ್ತಾದರು. ಪ್ರತಿಯೊಬ್ಬರಿಗೂ ಸ್ವಾಮಿಗಳು ಒಂದೊಂದು ಕಡೆ ಸಿಕ್ಕಿದ್ದರು. ಷಡಕ್ಷರಿ ಮೂರು ಸಲ "ನೋಡಿ, ಇದು ನಿಜವಾಗ್ಲೂ" ಎಂದು ಶುರುಮಾಡಿದ. ಮೂರು ಸಲವೂ ಯಾರೋ ಒಬ್ಬರು ಬೆನ್ನು ಸವರಿ, "ನಂಬೋಕಾಗಲ್ಲ, ನಮಗೂ ಅಷ್ಟೇ," ಎಂದರು. ಅವನ ಕಣ್ಣು ಮಾತ್ರ ಎದುರಿನ ಮುಚ್ಚಿದ ಶಟರಿನ ಮೇಲೆ. ಒಂಬತ್ತೂವರೆಗೆ ತೆಗೆಯಬೇಕಾದ ಮಹೇಂದ್ರ ಹತ್ತಾದರೂ ಬಂದಿರಲಿಲ್ಲ.

"ಈಗ ಸ್ವಾಮಿಗಳ ಹತ್ತಿರದ ಶಿಷ್ಯರು ಎರಡು ಮಾತಾಡ್ತಾರೆ," ಎಂದು ಗುರುಮಲ್ಲಪ್ಪನವರು ಮೈಕನ್ನು ಷಡಕ್ಷರಿಯ ಕೈಗಿಟ್ಟರು.

ಈಗ ಹೇಳಿಬಿಡಬೇಕು ಅಂದುಕೊಂಡ. ಐವತ್ತು ಮುಖಗಳನ್ನು ನೋಡಿದ. ಬೆಟ್ಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾತ ಸತ್ತಾಗ ತಾನೊಬ್ಬನೇ ಕೂತು ಅತ್ತದ್ದು ನೆನಪಾಯಿತು. ಇಲ್ಲಿ ಅಳುವವರು ಇಷ್ಟು ಜನ ಇದ್ದಾರೆ. ಸುಳ್ಳೋ ನಿಜವೋ, ತಾತನಿಗಾಗಿ ಬಂದಿದ್ದಾರೆ. ಮೈಕನ್ನು ಬಾಯಿಯ ಹತ್ತಿರ ತಂದ.

"ಅವರು ಮುಳುಗಿಹೋದ ಊರುಗಳಿಗೆ ಹೋಗ್ತಿದ್ರು," ಎಂದ.

"ಕನ್ನಂಬಾಡಿ ಕಟ್ಟೆಗೆ ಹೋದ ಊರುಗಳು," ಎಂದು ಗುರುಮಲ್ಲಪ್ಪನವರು ಪಕ್ಕದವರಿಗೆ ಬಿಡಿಸಿ ಹೇಳಿದರು.

"ಕತ್ತಲಲ್ಲಿ ಸಿಕ್ಕೊಂಡೋರನ್ನ ಕರ್ಕೊಂಡ್ ಬರೋರು. ಯಾರಿಗೂ ಹೊಡೀತಿರ್ಲಿಲ್ಲ. ಮಧ್ಯೆ ಒಂದ್ಸಲ ಬಂದೂಕು ಹಿಡಿದ್ರು, ಅದು ಅವರ ತಪ್ಪಲ್ಲ. ಹಿಂದೆ ಇದ್ದೋರು ಹಿಡಿಸಿದ್ದು."

ಜನ ತಲೆದೂಗಿದರು. ಮಠದ ರಾಜಕೀಯ ಅವರಿಗೆ ಗೊತ್ತಿಲ್ಲದ್ದೇನಲ್ಲ.

ಷಡಕ್ಷರಿಗೆ ಈಗ ತಡೆ ಇರಲಿಲ್ಲ. ಮೂರು ವರ್ಷದಿಂದ ಯಾರೊಂದಿಗೂ ಆಡದ ಮಾತುಗಳು ಒಂದರ ಹಿಂದೊಂದು ಬಂದವು. "ಕೊನೇಲಿ ನೂರಾರು ಮೆಟ್ಲು. ಕೆಳಗೆ ಜನ ಇದ್ದಾರೆ, ದಾರಿ ಕಾಣ್ತಿಲ್ಲ. ಮೇಲೆ ಬಾಗ್ಲು ಮುಚ್ತಾ ಇದೆ. ಒಬ್ರೇ ಆದ್ರೆ ದಾಟ್ಬಹುದಿತ್ತು. ಅವರು ಕಂದೀಲನ್ನ ಮೆಟ್ಲ ಮೇಲಿಟ್ರು, ಕೆಳಗಿನೋರಿಗೆ ಕಾಣ್ಲಿ ಅಂತ. ಎಲ್ರೂ ಹತ್ತಿ ಹೋದ್ರು. ಅವರು ಅಲ್ಲೇ ಗೋಡೆಗೊರಗಿ ಕೂತ್ಕೊಂಡ್ರು. ಕಂದೀಲು ಆರೋಯ್ತು. ಅವರೂ ಹೋದ್ರು."

ಗಣೇಶನ ಹಬ್ಬದ ಮೈಕು, ನಾಲ್ಕು ಬೀದಿಗೆ ಕೇಳುತ್ತಿತ್ತು. ಆಗಲೇ ತಿರುವಿನಲ್ಲಿ ಒಂದು ಬೈಕು ಗಕ್ಕನೆ ನಿಂತಿತು. ಮಹೇಂದ್ರ. ಫ್ಲೆಕ್ಸ್ ನೋಡಿದ. ಬೈಕನ್ನು ಸ್ಟ್ಯಾಂಡಿಗೂ ಹಾಕದೆ ಬಿಟ್ಟು, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, "ನಿಲ್ಸೋ! ಹೇಳ್ಬೇಡ ಕಣೋ!" ಎಂದು ಕೂಗುತ್ತ ಓಡಿಬಂದ. ಮುಖದ ತುಂಬ ಕಣ್ಣೀರು.

"ಪಾಪ, ಶಿಷ್ಯ ಅಂದ್ರೆ ಇವನಪ್ಪ," ಎಂದರು ಗುರುಮಲ್ಲಪ್ಪನವರು. ಜನ ದಾರಿ ಬಿಟ್ಟರು.

ಮಹೇಂದ್ರ ಎದುರು ಬಂದು ನಿಂತ. ಷಡಕ್ಷರಿ ಮೈಕು ಕೆಳಗಿಳಿಸಿದ. ಗೆಳೆಯನಿಗೆ ವಯಸ್ಸಾಗಿತ್ತು, ಕಿವಿಯ ಮೇಲೆ ನರೆ ಬಂದಿತ್ತು. ತಬ್ಬಿಕೊಳ್ಳಬೇಕು ಅನ್ನಿಸಿ ಕೈ ಮುಂದೆ ಮಾಡಿದ.

"ತಾತ ಸಾಯ್ತಾನಾ?" ಎಂದು ಕೇಳಿದ ಮಹೇಂದ್ರ.

ಚಾಚಿದ ಕೈ ಹಾಗೇ ನಿಂತಿತು. "ನೀನು... ಇನ್ನೂ ಆಡಿಲ್ವಾ?"

"ಬಂದ ದಿನಾನೇ ತರ್ಸಿದೆ ಕಣೋ. ಮೂರು ತಿಂಗ್ಳಾಯ್ತು, ಸೀಲ್ ಒಡ್ದಿಲ್ಲ." "ಕೊನೇದು, ಒಬ್ನೇ ಆಡ್ಬಾರ್ದು ಅಂತ ಇಟ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಅದನ್ನ ಹಿಡ್ಕೊಂಡು ನಿಮ್ಮನೆಗೇ ಹೋಗಿದ್ದೆ. ನೀನು ಇಲ್ಲಿಗೆ ಬಂದಿದ್ದೀಯ ಅಂದ್ರು ಪ್ರೇಮಲೀಲಮ್ಮ. ಎಷ್ಟು ಖುಷೀಲಿ ಓಡಿಬಂದೆ ಗೊತ್ತಾ?"

ಷಡಕ್ಷರಿ ಚಾಚಿದ ಕೈ ಇಳಿಸಿದ. ಹೇಳಬೇಕೆಂದು ಮೂರು ವಾರದಿಂದ ಬಾಯಿಪಾಠ ಮಾಡಿದ ಮಾತೊಂದೇ ಉಳಿದಿತ್ತು. "ನಾಲ್ಕನೇದೇ ಬೆಸ್ಟು ಕಣೋ. ಮತ್ತೆ ಆಡ್ದೆ. ನೀನು ಹೇಳಿದ್ದೇ ಸರಿ."

"ಅದನ್ನ ಹೇಳೋಕೆ ತಾತನ್ನ ಸಾಯ್ಸಬೇಕಿತ್ತೇನೋ?"

ಮಹೇಂದ್ರ ಅಂಗಿಯೊಳಗಿನಿಂದ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಡಬ್ಬವನ್ನು ತೆಗೆದು ಮೇಜಿನ ಮೇಲೆ, ಊದುಬತ್ತಿಗಳ ಪಕ್ಕ ಇಟ್ಟ. ರಸ್ತೆ ದಾಟಿದ, ಶಟರನ್ನು ಅರ್ಧಕ್ಕೆ ಎತ್ತಿ ಒಳಗೆ ನುಸುಳಿ, ಒಳಗಿನಿಂದ ಎಳೆದುಕೊಂಡ. ಅದನ್ನು ಕಂಡ ಬೇಕರಿಯವನೂ ಗೌರವಕ್ಕೆಂದು ಶಟರ್ ಎಳೆದ, ಟೈಲರಂಗಡಿಯವನೂ ಎಳೆದ. ಐದು ನಿಮಿಷದಲ್ಲಿ ಬೀದಿಯ ಅಂಗಡಿಗಳೆಲ್ಲ ಮುಚ್ಚಿದವು.

ಷಡಕ್ಷರಿ ಮೂರು ವರ್ಷ ಹತ್ತದ ಮೆಟ್ಟಿಲು ಹತ್ತಿ ಶಟರು ಬಡಿದ. "ಮಹೇಂದ್ರ," ಎಂದ. "ಮೊದಲ್ನೇದ್ರಿಂದ ಆಡೋಣ ಕಣೋ, ಆರನ್ನೂ." ಒಳಗೆ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಗುರುಮಲ್ಲಪ್ಪನವರು ಹಿಂದೆಯೇ ಬಂದು ಹೆಗಲು ಮುಟ್ಟಿದರು. "ಸಮಾಧಾನ ಮಾಡ್ಕೊಳ್ಳಿ. ಹನ್ನೊಂದನೇ ದಿನ ಶಿವಗಣಾರಾಧನೆ ಇಟ್ಕೊಂಡಿದ್ದೀವಿ. ಇಬ್ರೂ ಶಿಷ್ಯರು ಜೋಡೀಲಿ ಕೂತ್ಕೋಬೇಕು."

"ಅವನು ಬರಲ್ಲ ಸ್ವಾಮಿ," ಎಂದ ಷಡಕ್ಷರಿ. ಅಷ್ಟು ಹೇಳುವಷ್ಟರಲ್ಲಿ ತಡೆದಿಟ್ಟ ಅಳು ನುಗ್ಗಿ ಬಂತು. ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ.

ರಸ್ತೆಯ ಆಚೆಯಿಂದ ಜನ ನೋಡುತ್ತಿದ್ದರು. "ಸದ್ಯ, ಈಗಲಾದ್ರೂ ಅತ್ರಲ್ಲ," ಎಂದಳು ಬೆಟ್ಟಮ್ಮ. "ಗುರುಗೋಳು ಹೋದಾಗ ಅಳ್ದೆ ಇದ್ರೆ ಒಳ್ಳೇದಲ್ಲ." ಹಾಗೆಂದು, ಮೇಜಿನ ಮೇಲೆ ಮಹೇಂದ್ರ ಇಟ್ಟುಹೋದ ಡಬ್ಬಕ್ಕೂ ನಾಲ್ಕು ಹೂ ಏರಿಸಿ ಕೈ ಮುಗಿದಳು.