ಶನಿವಾರ ಬಂದ ಮೊಳೆ

ವಿಜ್ಞಾನ ಓದಿದ ಗಂಡಸಿನ ಧೈರ್ಯ ಎಷ್ಟೆಂದು ತಿಳಿಯಬೇಕಾದರೆ ಅವನನ್ನು ಕಾರ್ಖಾನೆಯಲ್ಲಿ ನೋಡಬಾರದು, ಅವನ ತಾಯಿಯ ಎದುರಿಗೆ ನೋಡಬೇಕು. ನಮ್ಮ ಯಜಮಾನರು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಗ್ರಹಗಳೆಂದರೆ ಬರೀ ಕಲ್ಲು, ಅನಿಲ, ಅವು ಯಾರ ತಂಟೆಗೂ ಬರುವುದಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ನನಗೆ ಬೋಧಿಸುತ್ತಾರೆ. ಅತ್ತೆ ಮಜ್ಜಿಗೆ ಬಡಿಸಲು ಬಂದರೋ, ಮಾತು ಮಳೆ ಬಿಸಿಲಿನ ಕಡೆಗೆ ತಿರುಗಿಬಿಡುತ್ತದೆ.

ಆ ಶನಿವಾರ ನಾನು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಇರುವ ನನ್ನ ಹಳೆಯ ಕಾನ್ವೆಂಟಿಗೆ ಹೋಗಲೇಬೇಕಾಗಿತ್ತು. ನನಗೆ ಇಂಗ್ಲಿಷು, ಕಸೂತಿ, ಸದ್ದಿಲ್ಲದೆ ಸೂಪು ಕುಡಿಯುವುದು ಎಲ್ಲವನ್ನೂ ಕಲಿಸಿದ ಸಿಸ್ಟರ್ ಆಗ್ನೆಸ್ ಸಂಜೆಯ ರೈಲಿಗೆ ಮದರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ತಮ್ಮ ದೇಶಕ್ಕೆ ಹೊರಟಿದ್ದರು. ಇನ್ನು ಈ ಜನ್ಮದಲ್ಲಿ ಭೇಟಿಯಿಲ್ಲ. ಮಧ್ಯಾಹ್ನ ಮೋಟಾರ್ ಸೈಕಲ್ಲಿನಲ್ಲಿ ಕರೆದುಕೊಂಡು ಹೋಗುವುದಾಗಿ ಯಜಮಾನರು ಮಾತು ಕೊಟ್ಟಿದ್ದರು. ನಾನು ರೇಷ್ಮೆ ಸೀರೆಯುಟ್ಟು, ಸೆರಗಿಗೆ ಪಿನ್ನು ಚುಚ್ಚಿ ಕಾದಿದ್ದೆ.

ಅವರು ಬಂದರು. ಹಿಂದಿನ ಚಕ್ರದಲ್ಲಿ ಏನೋ ಮಿನುಗಿದ್ದು ಮಾತ್ರ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಕಣ್ಣಿಗೇ ಮೊದಲು ಬಿತ್ತು.

"ನಿಲ್ಲೋ ಅಲ್ಲೇ! ಚಕ್ರದಲ್ಲೇನೋ ಅದು?"

"ಮೊಳೆ ಕಣಮ್ಮ. ದಾರೀಲಿ ಚುಚ್ಕೊಂಡಿದೆ."

"ಶನಿವಾರ ಹೊಸ ಕಬ್ಬಿಣ ಮನೆಗೆ ತರ್ತಾರೇನೋ? ಗೇಟು ದಾಟಬೇಡ."

"ಗಾಡಿಯೆಲ್ಲ ಕಬ್ಬಿಣವೇ ಅಲ್ವೇನಮ್ಮ!"

"ಅದು ಬಂದಿದ್ದು ಶುಕ್ರವಾರ."

ಇಂಜಿನಿಯರು ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿದರು. ಅಲ್ಲೇ ಕಿತ್ತೆಸೆಯಿರಿ ಎಂದೆ ನಾನು. ಪಕ್ಕದ ರಾಗಿ ಹೊಲದ ಮುನಿಯಪ್ಪನವರು ಬೇಲಿಯ ಮೇಲಿಂದ ಕತ್ತು ಚಾಚಿದರು. "ಕಿತ್ರೆ ಗಾಳಿಯೆಲ್ಲ ಓಯ್ತದೆ ಸ್ವಾಮಿ. ಈಗ ಅದೇ ಬಿರಡೆ. ಅಂಗೇ ಓಡ್ಸ್ಕೊಂಡ್ ಓಗಿ."

"ಹಾಗೇ ಹೋಗೋಣ ನಡೀರಿ," ಎಂದು ನಾನು ಹತ್ತಲು ಹೋದೆ.

"ಶನೀನ ಚಕ್ರಕ್ಕೆ ಕಟ್ಕೊಂಡು ದಂಡಿಗೆ ಹೋಗ್ತಾಳಂತೆ!" ಎಂದರು ಅತ್ತೆ. ಶನಿವಾರ ಕಬ್ಬಿಣ ತರುವುದು ಎಷ್ಟು ಕೆಟ್ಟದ್ದೋ, ದಾನ ಕೊಡುವುದು ಅಷ್ಟೇ ಒಳ್ಳೆಯದಂತೆ. ಆದ್ದರಿಂದ ಮೊಳೆಯನ್ನು ಕಿತ್ತು, ಎಳ್ಳಿನ ಸಮೇತ ಮುನಿಯಪ್ಪನವರಿಗೆ ದಾನ ಕೊಡುವುದೆಂದು ತೀರ್ಮಾನವಾಯಿತು.

"ನಮ್ಮನೇಲಿರೋ ಶನಿ ಸಾಲ್ದಾ ಅಮ್ಮಾರೆ?" ಎಂದವರೇ ಮುನಿಯಪ್ಪನವರು ಹೊಲದೊಳಗೆ ಮಾಯವಾದರು.

ಬಿಸಿಲು ಇಳಿಯುತ್ತಿತ್ತು. "ನನಗೇ ಕೊಟ್ಬಿಡಿ," ಎಂದೆ.

"ಮನೆಯವರಿಗೇ ದಾನ ಸಲ್ಲುತ್ತೇನಮ್ಮ?" ಎಂದು ಕೇಳಿದರು ಗ್ರಹಗಳನ್ನು ನಂಬದ ನಮ್ಮ ಯಜಮಾನರು.

"ಸೊಸೆ ಎಷ್ಟಾದ್ರೂ ಹೊರಗಿನವಳು ಕಣೋ. ಸಲ್ಲುತ್ತೆ."

ಮದುವೆಯಾದಂದಿನಿಂದ "ನೀನು ಈ ಮನೆಯವಳೇ" ಎಂದು ಹೇಳಿ ಹೇಳಿ ನನ್ನಿಂದ ಹಪ್ಪಳ ಒತ್ತಿಸಿದವರು ಇವರೇ. ಇರಲಿ. ಯಜಮಾನರು ಇಕ್ಕಳ ಹಾಕಿ ಎಳೆದರು. ಚಕ್ರ ಉಸ್ಸೆಂದು ಕುಸಿದು ಕೂತಿತು. ವೀಳ್ಯದೆಲೆಯ ಮೇಲೆ ಕರಿ ಎಳ್ಳು, ಎಳ್ಳಿನ ಮೇಲೆ ಮೊಳೆ, ಒಂದು ಉದ್ಧರಣೆ ನೀರು, ದಾನ ಸಾಂಗವಾಯಿತು. ಯಜಮಾನರು ಗಾಡಿಯನ್ನು ಗೊರಗುಂಟೆಪಾಳ್ಯದ ಪಂಚರ್ ಅಂಗಡಿಗೆ ತಳ್ಳಿಕೊಂಡು ಹೊರಟರು. ನಾನು ಮೊಳೆಯನ್ನು ಪರ್ಸಿಗೆ ಹಾಕಿಕೊಂಡು ಬಸ್ಸಿಗೆ ಓಡಿದೆ.

ಕಾನ್ವೆಂಟಿನ ಬಾಗಿಲಲ್ಲಿ ಪೆಟ್ಟಿಗೆಗಳು ಆಗಲೇ ಜಟಕಾ ಏರಿದ್ದವು. ಸಿಸ್ಟರ್ ಒಂದು ಕಾಲನ್ನು ಅದರ ಮೆಟ್ಟಿಲ ಮೇಲಿಟ್ಟಿದ್ದರು. ನನ್ನನ್ನು ನೋಡಿ ಇಳಿದೇಬಿಟ್ಟರು. ತಡವಾದದ್ದು ಯಾಕೆಂದು ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪಾಪ, ನಿನ್ನ ಅತ್ತೆ! ನೋಡು, ನಿನಗೇನೂ ಕೆಟ್ಟದ್ದಾಗಲಿಲ್ಲ," ಎಂದವರು ತಕ್ಷಣ ಗಾಬರಿಯಾಗಿ ಜಟಕಾದ ಮರವನ್ನು ಟಕಟಕ ಬಡಿದರು. "ಮರ ಮುಟ್ಟದೆ ಹಾಗೆಲ್ಲ ಹೇಳಬಾರದು ಮಗು, ಹೇಳಿದರೆ ಕೆಟ್ಟದ್ದಾಗಿಬಿಡುತ್ತದೆ." ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಹತ್ತಿ ಕೂತರು. ತಿರುವಿನವರೆಗೂ ಅವರ ಬಿಳಿ ಕರವಸ್ತ್ರ ಕಾಣುತ್ತಿತ್ತು.

ಮನೆ ತಲುಪುವಾಗ ದೀಪ ಹಚ್ಚುವ ಹೊತ್ತು. ಮೊಳೆ ಎಲ್ಲಿ ಎಂದು ಕೇಳುವವರು ಯಾರೂ ಹೊರಗಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು ನಾನು. ಶನಿ, ಕಬ್ಬಿಣ, ಇವನ್ನೆಲ್ಲ ನಂಬುವವಳಲ್ಲ. ಆದರೂ ಗೇಟಿನ ಹೊರಗೇ ಬಗ್ಗಿ, ಪರ್ಸಿನಿಂದ ಮೊಳೆ ತೆಗೆದು ಒಂದು ಕಲ್ಲಿನ ಕೆಳಗೆ ಇಡುತ್ತಿದ್ದೆ.

"ಏನ್ ಊತಾಕ್ತಿದ್ದೀರಾ ಅಮ್ಮಣ್ಣಿ?" ಎಂದಿತು ಬೇಲಿ.

"ಏನಿಲ್ಲ ಮುನಿಯಪ್ಪನವರೇ, ಒಳಗೆ ಯಾರ ಕಾಲಿಗಾದ್ರೂ ಚುಚ್ಚೀತು ಅಂತ," ಎಂದೆ. ಅವರು ಅತ್ತ ತಿರುಗಿದ ಮೇಲೆ, ಯಾವುದಕ್ಕೂ ಇರಲಿ ಎಂದು, ಗೇಟಿನ ಮರವನ್ನೂ ಮೆಲ್ಲಗೆ ತಟ್ಟಿ ಒಳಗೆ ಹೋದೆ.