ಕೊನೆಯ ಪುಟ ಓದದ ಮಹಾರಾಜ

ಇನ್ನು ಮುಂದೆ ಭೂಲೋಕದ ಯಾವ ಕಾದಂಬರಿಕಾರನೂ ತನಗೆ ಮೋಸ ಮಾಡಲಾರ ಎಂದು ಪುತ್ತೂರಿನ ಕೃಷ್ಣಮೋಹನರು ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ನೀರುದೋಸೆಯ ತಟ್ಟೆಯ ಎದುರು ಕೂತು. ಕೊಲೆ ಮಾಡಿದ್ದು ಯಾರೆಂದು ಅರ್ಧ ಪುಸ್ತಕದೊಳಗೆ ಹೇಳದಿದ್ದರೆ ತನ್ನ ಹೆಸರು ಕೃಷ್ಣಮೋಹನನೇ ಅಲ್ಲ ಎಂದೂ ಸೇರಿಸಿದರು. ಹೆಂಡತಿ ಗೋದಾವರಿಯಮ್ಮ ಇನ್ನೊಂದು ದೋಸೆ ಹಾಕುತ್ತಾ, ಹಾಗಾದರೆ ಬೇರೊಂದು ಹೆಸರು ಈಗಲೇ ನೋಡಿ ಇಟ್ಟುಕೊಳ್ಳುವುದು ಒಳ್ಳೆಯದು ಎಂದರು.

ಗೋದಾವರಿಯಮ್ಮನ ಮಾತಿನಲ್ಲಿ ಸತ್ಯವಿತ್ತು. ಕೃಷ್ಣಮೋಹನರಿಗೆ ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ವ್ಯಾಪಾರ ಹೆಸರಿಗೆ ಮಾತ್ರ, ನಿಜವಾಗಿ ಅದು ಪತ್ತೇದಾರಿ ಕಾದಂಬರಿಗಳ ವಾಚನಾಲಯ. ಫುಟ್‌ವಾಲ್ವ್ ಕೇಳಿಕೊಂಡು ಬಂದವರ ಮುಖವನ್ನು ಅವರು ನೋಡುತ್ತಿರಲಿಲ್ಲ, ಚಪ್ಪಲಿ ನೋಡುತ್ತಿದ್ದರು. "ಕೆಂಪು ಮಣ್ಣು! ನೀವು ತೋಟದಿಂದ ನೇರ ಬಂದದ್ದು, ಅಲ್ವಾ?" ಎಂದು ಕಣ್ಣು ಕಿರಿದು ಮಾಡುತ್ತಿದ್ದರು. ಪುತ್ತೂರಿನಲ್ಲಿ ಪಂಪು ಕೊಳ್ಳಲು ಬರುವವರು ತೋಟದಿಂದ ಬಾರದೆ ಸಮುದ್ರದಿಂದ ಬರುತ್ತಾರೆಯೇ? ಇಲ್ಲಿ ಕೆಂಪಲ್ಲದ ಮಣ್ಣು ಬೇಕೆಂದರೆ ಅದನ್ನು ಲಾರಿಯಲ್ಲಿ ತರಿಸಬೇಕು. ಆದರೂ ತಮ್ಮ ಸೂಕ್ಷ್ಮದೃಷ್ಟಿಗೆ ತಾವೇ ತಲೆದೂಗಿ ಅವರು ಮತ್ತೆ ಪುಸ್ತಕಕ್ಕೆ ಮರಳುತ್ತಿದ್ದರು.

ಅವರ ಪತ್ತೇದಾರಿಕೆಗೆ ಇದ್ದುದು ಒಂದೇ ಸಿದ್ಧಾಂತ. ಯಾರ ಮೇಲೆ ಸಂಶಯ ಬರುವುದೇ ಇಲ್ಲವೋ ಅವನೇ ಅಪರಾಧಿ. ಈ ಸಿದ್ಧಾಂತ ಹಿಡಿದು ಅವರು ಪಾಪದ ಅಡುಗೆಭಟ್ಟರನ್ನು, ಅಂಚೆಯವರನ್ನು, ಹಾಸಿಗೆ ಹಿಡಿದ ಅಜ್ಜಿಯರನ್ನು ಬಿಡದೆ ಕಟಕಟೆಗೆ ಹತ್ತಿಸಿದ್ದರು. ಕೊನೆಗೆ ಪುಸ್ತಕದಲ್ಲಿ ಬೇರೆ ಯಾರೋ ಸಿಕ್ಕಿಬೀಳುತ್ತಿದ್ದರು. ಅದಕ್ಕೆ ಕೃಷ್ಣಮೋಹನರು ಬೇಸರಿಸಿದವರಲ್ಲ. ಲೇಖಕನಿಗೆ ಇಲ್ಲಿ ತಪ್ಪಿದೆ, ನಿಜವಾದ ಕೊಲೆಗಾರ ಅಜ್ಜಿಯೇ ಎಂದು ಹೇಳಿ ಪುಸ್ತಕ ಮುಚ್ಚಿಡುತ್ತಿದ್ದರು.

ಅವರಿಗೊಂದು ವ್ರತವೂ ಇತ್ತು. ಪುಸ್ತಕ ಮನೆಗೆ ಬಂದ ಕೂಡಲೇ ಅದರ ಕೊನೆಯ ಹಾಳೆಗಳನ್ನು ಒಟ್ಟು ಸೇರಿಸಿ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಬಿಡುವುದು. ತನ್ನ ತೀರ್ಪು ಕೊಟ್ಟ ಮೇಲೆಯೇ ಕ್ಲಿಪ್ಪು ತೆಗೆಯುವುದು. ಐತಿಹಾಸಿಕ ಕಾದಂಬರಿಗೂ ಇದೇ ಶಿಸ್ತು! ಯುದ್ಧದಲ್ಲಿ ಸೋತ ರಾಜ ಯಾರೆಂದು ಶಾಲೆಯಲ್ಲೇ ಓದಿದ್ದರೂ ಅವರಿಗೆ ಅದೃಷ್ಟವಶಾತ್ ಎಲ್ಲ ಮರೆತುಹೋಗಿತ್ತು. ಮನೆಯ ಹಗ್ಗದ ಮೇಲಿನ ಬಟ್ಟೆಗಳು ಕ್ಲಿಪ್ಪಿಲ್ಲದೆ ನೆರೆಮನೆಯ ಅಂಗಳಕ್ಕೆ ಹಾರಿಹೋಗುವುದು ಮಾಮೂಲಾಯಿತು.

ಹೀಗಿರುವಾಗ ಮಗಳು ಚಿನ್ಮಯೀಗೆ ಇಚಿಲಂಪಾಡಿಯಿಂದ ಒಂದು ಸಂಬಂಧ ಕೂಡಿಬಂತು. ಹುಡುಗ ಕಿಶನ್, ಕಡಬದಲ್ಲಿ ದನದ ಡಾಕ್ಟರು. ಇಂಜೆಕ್ಷನ್ ಚುಚ್ಚುವ ಮೊದಲು ದನದ ಹತ್ತಿರವೂ ಕ್ಷಮೆ ಕೇಳುವಷ್ಟು ಮೆದು ಸ್ವಭಾವ. ಹುಡುಗ ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು, ಜಾತಕವೂ ಹೊಂದಿತ್ತು. ಇನ್ನು ಉಳಿದದ್ದು ಆ ಮನೆಯ ಒಂದು ಕ್ರಮ.

ಆ ಮನೆಯಲ್ಲಿ ತಾಳಮದ್ದಳೆಯ ಹುಚ್ಚು ತಲೆತಲಾಂತರದ್ದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಸಾಲಾಗಿ ಕೂತವರು ತಮ್ಮ ತಮ್ಮ ಪಾತ್ರವಾಗಿ ಆ ಪದಕ್ಕೆ ಬಾಯಿಗೆ ಬಂದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಕಿಶನನ ತಂದೆ ಸರ್ವೋತ್ತಮರ ಅಜ್ಜ 'ಹೇಮಮಾಲಾ ಕಲ್ಯಾಣ' ಎಂಬ ಪ್ರಸಂಗವನ್ನೇ ಬರೆದಿಟ್ಟು ಹೋಗಿದ್ದರು. ಆ ಮನೆಗೆ ಸೊಸೆ ಬರುವ ಮೊದಲು ಆ ಪ್ರಸಂಗ ಆಗಬೇಕು, ಅದರಲ್ಲಿ ಹುಡುಗಿಯ ಅಪ್ಪನೇ ರಾಜನಾಗಿ ಕೂತು ಕೊನೆಗೆ "ಮಗಳನ್ನು ಧಾರೆ ಎರೆದು ಕೊಟ್ಟೆ" ಎನ್ನಬೇಕು. ಆ ಮಾತು ಬಿದ್ದರೆ ಮದುವೆ ನಿಶ್ಚಯ. ಬೀಳದಿದ್ದರೆ ಕಾಫಿ ಕುಡಿದು ಮನೆಗೆ ಹೋಗುವುದು.

ಕೃಷ್ಣಮೋಹನರ ಎದೆ ಉಬ್ಬಿತು. ಪುತ್ತೂರಿನ ಸಂಘದ ತಾಳಮದ್ದಳೆಗಳಲ್ಲಿ ಅವರಿಗೆ ಇಷ್ಟು ವರ್ಷ ಸಿಕ್ಕಿದ್ದು ದೂತನ ಪಾತ್ರ ಮಾತ್ರ. 'ಅಪ್ಪಣೆ ಪ್ರಭೂ' ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ಈಗ ಏಕಾಏಕಿ ರಾಜ್ಯವೇ ಸಿಕ್ಕಿದೆ! ಸರ್ವೋತ್ತಮರು ಕಳಿಸಿದ ಪ್ರಸಂಗದ ಪ್ರತಿಯನ್ನು ಅಂದೇ ಓದಲು ಕೂತರು. ರಾಜ ವೀರಸೇನ, ಅವನ ಮಗಳು ಹೇಮಮಾಲೆ. ಅವಳನ್ನು ವರಿಸಲು ಬಂದ ರಾಜಕುಮಾರ ಇಂದುಶೇಖರ ಅತಿಥಿಯಾಗಿರುವಾಗಲೇ ಅರಮನೆಯ ರತ್ನಹಾರ ಮಾಯ, ಅದು ಸಿಕ್ಕಿದರೆ ಮಾತ್ರ ಮದುವೆ. ಇಷ್ಟು ಓದಿದ್ದೇ ತಡ, ಕೃಷ್ಣಮೋಹನರು ಎದ್ದು ಹೋಗಿ ಹಗ್ಗದಿಂದ ಒಂದು ಕ್ಲಿಪ್ಪು ತಂದು ಉಳಿದ ಹಾಳೆಗಳಿಗೆ ಹಾಕಿಬಿಟ್ಟರು.

"ಇದು ಕಾದಂಬರಿ ಅಲ್ಲ, ಪ್ರಸಂಗ. ಕೊನೆ ತನಕ ಓದದೆ ಅಲ್ಲಿ ಹೋಗಿ ಎಂತ ಹೇಳ್ತೀರಿ?" ಎಂದು ಗೋದಾವರಿಯಮ್ಮ ಕೇಳಿದರು.

"ಕಳ್ಳನನ್ನು ನಾನೇ ಹಿಡಿಯುದು. ರಾಜನ ಕೆಲಸವೇ ಅದು" ಎಂದರು ಕೃಷ್ಣಮೋಹನರು.

ಗೋದಾವರಿಯಮ್ಮ ಆ ಹಾಳೆಗಳನ್ನು ತಾವೇ ಓದಿದರು. ಇಚಿಲಂಪಾಡಿಗೆ ಹೊರಟ ದಿನ ಕಾರಿನಲ್ಲಿ, ಉಪ್ಪಿನಂಗಡಿ ದಾಟುವಾಗ ಒಮ್ಮೆ, ನೆಲ್ಯಾಡಿಯಲ್ಲಿ ಮತ್ತೊಮ್ಮೆ, ಹಾರ ಎಲ್ಲಿ ಹೋಯಿತೆಂದು ಹೇಳಲು ನೋಡಿದರು. ಕೃಷ್ಣಮೋಹನರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಸ್ಟಿಯರಿಂಗ್ ಹಿಡಿದವರು ಅವರೇ ಆದ್ದರಿಂದ ಹಿಂದೆ ಕೂತ ಚಿನ್ಮಯೀ, ಅಮ್ಮಾ, ಮದುವೆ ಆಗದಿದ್ದರೂ ಅಡ್ಡಿಯಿಲ್ಲ, ಮೊದಲು ಜೀವ ಉಳಿಯಲಿ ಎಂದಳು. ಗೋದಾವರಿಯಮ್ಮ ಹಾರದ ಸುದ್ದಿಯನ್ನು ಅಲ್ಲಿಗೇ ಬಿಟ್ಟರು.

ಮಧ್ಯಾಹ್ನದ ಊಟ ಮುಗಿದು ಚಾವಡಿಯಲ್ಲಿ ತಾಳಮದ್ದಳೆ ಸುರುವಾಯಿತು. ಅರಂತೋಡಿನಿಂದ ಬಂದ ಭಾಗವತರು ನಡುವೆ ಕೂತರು. ಒಂದು ಬದಿಯಲ್ಲಿ ರಾಜನಾಗಿ ಕೃಷ್ಣಮೋಹನರು, ಹೆಗಲ ಮೇಲೆ ಜರಿಶಾಲು. ಎದುರಿಗೆ ಮಂತ್ರಿಯಾಗಿ ಸರ್ವೋತ್ತಮರು, ಅವರ ಪಕ್ಕದಲ್ಲಿ ರಾಜಕುಮಾರನಾಗಿ ಕಿಶನ್. ಚಾಪೆಯ ಮೇಲೆ ಇಚಿಲಂಪಾಡಿಯ ಅರ್ಧ ಊರು. ಹುಡುಗಿಯ ಅಪ್ಪನ ಅರ್ಥ ಹೇಗುಂಟು ಎಂದು ನೋಡುವ ಕುತೂಹಲ ಎಲ್ಲರಿಗೂ.

ಹಾರ ಕಳೆದುಹೋಗುವ ತನಕ ಎಲ್ಲವೂ ಚೆನ್ನಾಗಿ ನಡೆಯಿತು. ಐತಿಹಾಸಿಕ ಕಾದಂಬರಿಗಳಿಂದ ಕಲಿತ 'ಎಲೈ', 'ಭಲಾ', 'ಖಡ್ಗಕ್ಕೆ ಆಹುತಿ' ಎಲ್ಲವನ್ನೂ ಕೃಷ್ಣಮೋಹನರು ಧಾರಾಳವಾಗಿ ಬಳಸಿದರು. ಆಗ ಮಂತ್ರಿ, ಜನರು ರಾಜಕುಮಾರನನ್ನು ಸಂಶಯಿಸುತ್ತಿದ್ದಾರೆ ಪ್ರಭೂ ಎಂದ. ಛೇ, ನಾನು ನಂಬಲಾರೆ ಎಂದು ರಾಜ ಹೇಳಿದರೆ ಪ್ರಸಂಗ ಮುಂದೆ ಹೋಗುತ್ತಿತ್ತು. ಆದರೆ ಕೃಷ್ಣಮೋಹನರು ಎದುರಿಗೆ ಕೂತ ಕಿಶನನ ಮುಖ ನೋಡಿದರು. ಇಷ್ಟು ಮುಗ್ಧ ಮುಖವನ್ನು ಅವರು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಸಿದ್ಧಾಂತ ತಲೆಯೆತ್ತಿತು.

"ಎಲೈ ಇಂದುಶೇಖರ, ಹಾರ ಮಾಯವಾದ ಹೊತ್ತಿಗೆ ನೀನು ಎಲ್ಲಿದ್ದೆ? ಸಾಕ್ಷಿ ಯಾರು? ನಿನ್ನ ಚಪ್ಪಲಿಯಲ್ಲಿ ಕೆಂಪು ಮಣ್ಣು ಯಾಕೆ?"

ಇಂಥ ಪ್ರಶ್ನೆ ಕಿಶನ್ ನಿರೀಕ್ಷಿಸಿರಲಿಲ್ಲ. ಅಂಗಳದಲ್ಲಿ ಬಿಟ್ಟುಬಂದ ತನ್ನ ಚಪ್ಪಲಿಯ ಕಡೆ ನೋಡಿದ. ಉದ್ಯಾನದಲ್ಲಿದ್ದೆ ಎಂದ. ಒಬ್ಬನೇ ಇದ್ದೆಯಾ, ಎಷ್ಟು ಹೊತ್ತು ಇದ್ದೆ, ಹೂವಿನ ಹೆಸರು ಹೇಳು ಎಂದು ಮಾವನಾಗಬೇಕಾದವರು ಸವಾಲಿನ ಮೇಲೆ ಸವಾಲು ಹಾಕಿದರು. ಹುಡುಗ ಬೆವರಿದ. ಚಾಪೆಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸರ ಸಾಲಿನಲ್ಲಿ ಚಿನ್ಮಯೀ ತಲೆ ತಗ್ಗಿಸಿ ಚಾಪೆಯ ಹುಲ್ಲು ಕೀಳತೊಡಗಿದಳು.

ಅರಂತೋಡಿನ ಭಾಗವತರು ಅನುಭವಸ್ಥರು. ದಾರಿ ತಪ್ಪಿದ ರಾಜರನ್ನು ಎಷ್ಟೋ ಕಂಡವರು. ಇನ್ನು ತಡಮಾಡಿದರೆ ಕೆಟ್ಟಿತು ಎಂದು ಜಾಗಟೆ ಬಾರಿಸಿ, ಕಳ್ಳ ಯಾರೆಂದು ತಿಳಿಸುವ ಪದವನ್ನೇ ಎತ್ತಿಬಿಟ್ಟರು:

"ಕಾಗೆ ಒಯ್ದಿತು ಕಂಠಹಾರವ ಕೇಳು ಭೂಪಾ..."

ಹಾರವನ್ನು ಒಂದು ಕಾಗೆ ಕಚ್ಚಿಕೊಂಡು ಹೋಗಿ ಗೂಡಿನಲ್ಲಿ ಇಟ್ಟಿದೆ. ಕತೆ ಅಷ್ಟೇ. ತೊಟ್ಟಿಲ ಮಗುವಿಗೂ ಅರ್ಥವಾಗುವ ಪದ. ಆದರೆ ಕೃಷ್ಣಮೋಹನರು ತೊಟ್ಟಿಲ ಮಗುವಲ್ಲ. ನಿಗೂಢವಾಗಿ ನಕ್ಕು, ಶಾಲು ಸರಿಮಾಡಿಕೊಂಡರು.

"ಕಾಗೆ! ಹಾಗೋ ವಿಷಯ? ಬೀಗ ಹಾಕಿದ ಪೆಟ್ಟಿಗೆಯನ್ನು ಪಕ್ಷಿ ತೆರೆಯಲಾರದು. ಕಾಗೆ ಎಂಬುದು ಒಬ್ಬ ಮನುಷ್ಯನ ಗುಪ್ತನಾಮ. ರಾಜಕುಮಾರಾ, ನೀನು ಸತ್ಯವಂತನೆಂದು ಕೊಚ್ಚಿಕೊಂಡವನು. ಕಾಗೆ ಎಂದು ಕರೆಯಿಸಿಕೊಳ್ಳುವ ವ್ಯಕ್ತಿ ನಿನಗೆ ಗೊತ್ತೋ ಇಲ್ಲವೋ?"

ಕಿಶನನ ಮುಖ ಸುಣ್ಣದಂತಾಯಿತು. ಊರಿನಲ್ಲಿ ಯಾರ ಮನೆಯಲ್ಲಿ ತಿಥಿಯಾದರೂ, ಎಲೆಯಲ್ಲಿಟ್ಟ ಅನ್ನಕ್ಕೆ ಕಾಗೆ ಬಾರದಿದ್ದರೆ, ಸರ್ವೋತ್ತಮರಿಗೆ ಕರೆ ಹೋಗುತ್ತಿತ್ತು. ಅವರು ಬಂದು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರೆ ಎಲ್ಲೆಲ್ಲಿಂದಲೋ ಕಾಗೆಗಳು ಹಾಜರು. ಹಾಗಾಗಿ ಇಡೀ ಇಚಿಲಂಪಾಡಿಯಲ್ಲಿ ಅವರ ಹೆಸರು 'ಕಾಗೆ ಸರ್ವೋತ್ತಮಣ್ಣ'. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಏಕೆಂದರೆ ಅವರಿಗೆ ಅದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಇದೆಲ್ಲ ಪುತ್ತೂರಿನವರಿಗೆ ಹೇಗೆ ಗೊತ್ತಿರಬೇಕು?

ಕಿಶನ್ ಸುಳ್ಳು ಹೇಳಿ ಅಭ್ಯಾಸವಿಲ್ಲದವ. "ಗೊತ್ತುಂಟು. ನನ್ನ ಅಪ್ಪ" ಎಂದುಬಿಟ್ಟ.

ಚಾಪೆಯ ಮೇಲೆ ನಗು ಒಡೆಯಿತು. ಮದ್ದಳೆಯವರು ಮದ್ದಳೆಯ ಮೇಲೆಯೇ ಕವುಚಿ ಬಿದ್ದು ನಕ್ಕರು. ಸಭೆ ತನ್ನ ಜಾಣ್ಮೆಗೆ ಮಾರುಹೋಯಿತೆಂದು ಕೃಷ್ಣಮೋಹನರು ತಿಳಿದರು. ಅವರ ತಲೆಯಲ್ಲಿ ಪತ್ತೇದಾರಿ ಕಾದಂಬರಿಯೂ ಐತಿಹಾಸಿಕ ಕಾದಂಬರಿಯೂ ಆಗ ಒಂದಾದವು. ರಾಜಕುಮಾರನ ನಿಜವಾದ ತಂದೆ ಮಂತ್ರಿಯೇ! ಹುಟ್ಟಿದಾಗಲೇ ತೊಟ್ಟಿಲು ಬದಲಾಗಿದೆ! ಕಾಗೆ ಎಂಬ ಹೆಸರಿನಲ್ಲಿ ಅಪ್ಪ, ಇಂದುಶೇಖರ ಎಂಬ ಹೆಸರಿನಲ್ಲಿ ಮಗ, ಇಬ್ಬರೂ ಸೇರಿ ಸಿಂಹಾಸನಕ್ಕೆ ಹೊಂಚು ಹಾಕಿದ್ದಾರೆ! ಎದ್ದು ನಿಂತು, ಬೀಗರಾಗಬೇಕಾದವರ ಮೂಗಿಗೆ ನೇರವಾಗಿ ಬೆರಳು ತೋರಿಸಿ, "ಯಾರ ಮೇಲೆ ಸಂಶಯ ಬಾರದೋ ಅವನೇ ಕಳ್ಳ! ಮಂತ್ರಿವರ್ಯಾ, ಆ ಕಾಗೆ ನೀನೇ!" ಎಂದು ಗರ್ಜಿಸಿದರು.

ನಗು ತಟ್ಟನೆ ನಿಂತಿತು. ಸರ್ವೋತ್ತಮರ ಕಿವಿ ಕೆಂಪಾಯಿತು. ಇನ್ನೇನು ಕಾಫಿ ಕುಡಿದು ಮನೆಗೆ ಹೋಗುವುದೇ ಎಂದು ಗೋದಾವರಿಯಮ್ಮ ವ್ಯಾನಿಟಿ ಬ್ಯಾಗು ಮಡಿಲಿಗೆ ಎಳೆದುಕೊಂಡರು. ಮಗಳ ಕಣ್ಣಲ್ಲಿ ನೀರು ತುಂಬಿತ್ತು.

ಆದರೆ ಸರ್ವೋತ್ತಮರು ಹಳೆಯ ಅರ್ಥಧಾರಿ. ಕೋಪ ಬಂದರೂ ಪಾತ್ರ ಬಿಟ್ಟು ಏಳುವವರಲ್ಲ. ನಿಧಾನಕ್ಕೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕದ ಪೀಕದಾನಿಗೆ ಉಗುಳಿದರು. ಯಾರ ಮೇಲೆ ಸಂಶಯ ಬಾರದೋ ಅವನೇ ಕಳ್ಳ ಎಂಬುದು ಪ್ರಭುಗಳ ಮತವೋ ಎಂದು ವಿನಯದಿಂದ ಕೇಳಿದರು. ಹೌದೆಂದು ರಾಜ ಒಪ್ಪಿದ. ತಾಳಮದ್ದಳೆಯಲ್ಲಿ ಒಮ್ಮೆ ಒಪ್ಪಿದರೆ ಮುಗಿಯಿತು, ಮಾತು ಹಿಂದೆ ತೆಗೆಯಲಿಕ್ಕಿಲ್ಲ.

"ಹಾಗಾದರೆ ಪ್ರಭೂ, ರಾಜಕುಮಾರನ ಮೇಲೆ ಸಂಶಯ ಬಂತು. ನನ್ನ ಮೇಲೂ ಬಂತು. ಈ ಸಭೆಯಲ್ಲಿ ಸಂಶಯ ಬಾರದೆ ಉಳಿದವರು ತಾವೊಬ್ಬರೇ. ಹಾರ ಸಿಕ್ಕಿದರೆ ತಾವು ಮಗಳನ್ನು ಕೊಡಬೇಕು. ಸಿಕ್ಕದಿದ್ದರೆ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಮಗಳನ್ನು ಬಿಟ್ಟಿರಲಾರದೆ ಹಾರ ಬಚ್ಚಿಟ್ಟ ಕಳ್ಳ ಯಾರೆಂದು ಇನ್ನೂ ನಾನು ಹೇಳಬೇಕೇ?"

ಕೃಷ್ಣಮೋಹನರು ಬಾಯಿ ತೆರೆದರು. ಎಲೈ ಬರಲಿಲ್ಲ, ಭಲಾ ಬರಲಿಲ್ಲ. ಇಷ್ಟು ವರ್ಷ ಓದಿದ ಯಾವ ಪುಸ್ತಕವೂ ಸಹಾಯಕ್ಕೆ ಬರಲಿಲ್ಲ. ಈ ಪ್ರಸಂಗ ಮುಗಿಯುವುದೆಂದರೆ ಚಿನ್ಮಯೀ ಹೋಗುವುದು ಎಂಬ ಸರಳ ಸಂಗತಿ ಅವರಿಗೆ ಹೊಳೆದದ್ದೇ ಆಗ. ಕೊನೆ ಓದಲು ತನಗೆ ಮನಸ್ಸಿಲ್ಲದೇ ಹೋದದ್ದಕ್ಕೆ ವ್ರತವೊಂದೇ ಕಾರಣವಲ್ಲವೇನೋ ಎಂದು ಅನಿಸಿ ದುಃಖ ಉಕ್ಕಿಬಂತು. ರಾಜ ಮೆಲ್ಲಗೆ ಕೂತ.

"ಒಬ್ಬಳೇ ಮಗಳು ಮಾರಾಯ್ರೆ" ಎಂದರು.

ಚಾವಡಿಯಲ್ಲಿ ಯಾರೂ ನಗಲಿಲ್ಲ. ಹೆಂಗಸರ ಸಾಲಿನಲ್ಲಿ ಮೂಗು ಸೀಟುವ ಸದ್ದು ಕೇಳಿತು. ಸರ್ವೋತ್ತಮರ ಕೋಪವೂ ಇಳಿದುಹೋಯಿತು. ಕೃಷ್ಣಮೋಹನರು ಜರಿಶಾಲಿನಲ್ಲಿ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮಂಜಾದ ಕಣ್ಣಲ್ಲಿ ಎದುರಿಗೆ ಕಂಡವರನ್ನು ನೋಡುತ್ತಾ ಗಂಭೀರ ಕಂಠದಿಂದ ಆಡಬೇಕಾದ ಮಾತು ಆಡಿಯೇಬಿಟ್ಟರು.

"ಒಪ್ಪಿದೆ ಮಂತ್ರಿವರ್ಯಾ. ನನ್ನ ಮಗಳನ್ನು ನಿನಗೆ ಧಾರೆ ಎರೆದು ಕೊಟ್ಟೆ."

ಈ ಮಾತಿಗಾಗಿಯೇ ಕಾದು ಕಾದು ಸುಸ್ತಾಗಿದ್ದ ಭಾಗವತರು, ಕೊಟ್ಟದ್ದು ಯಾರಿಗೆಂದು ವಿಚಾರಿಸುವ ಗೋಜಿಗೆ ಹೋಗದೆ ಜಾಗಟೆ ಬಾರಿಸಿ ಮದುವೆಯ ಪದ ಎತ್ತಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಸರ್ವೋತ್ತಮರ ಹೆಂಡತಿ ಸೌಟು ಹಿಡಿದು ಪ್ರತ್ಯಕ್ಷರಾದರು. ಆಗ ಗೋದಾವರಿಯಮ್ಮ ಎದ್ದು ನಿಂತರು. ಆ ಪ್ರಸಂಗದಲ್ಲಿ ರಾಣಿ ಎಂಬ ಪಾತ್ರವೇ ಇಲ್ಲ. ಇಲ್ಲದಿದ್ದರೆ ಏನಂತೆ, ರಾಣಿ ಬಂದಾಯಿತು.

"ಭಾಗವತರೇ, ಸ್ವಲ್ಪ ನಿಲ್ಲಿ. ಕೊಡುದು ಹುಡುಗನಿಗೆ, ಹುಡುಗನ ಅಪ್ಪನಿಗೆ ಅಲ್ಲ. ಚಿನ್ಮಯೀಯನ್ನು ಕಿಶನನಿಗೆ ನಾನು ಕೊಟ್ಟಿದ್ದೇನೆ. ಇನ್ನು ಮಂಗಳ ಹಾಡಿ, ರಾಜನಿಗೆ ಮತ್ತೆ ಬಾಯಿ ಬರುವ ಮೊದಲು."

ಮಂಗಳವಾಯಿತು. ಆ ಮನೆಯ ಇತಿಹಾಸದಲ್ಲಿ ಮೊದಲ ಬಾರಿಗೆ ರಾಣಿಯ ಮಾತಿನ ಮೇಲೆ ಮದುವೆ ನಿಶ್ಚಯವಾಯಿತು. ಕಿಶನ್ ಬೆವರು ಒರೆಸಿಕೊಂಡ, ಚಿನ್ಮಯೀ ನಕ್ಕಳು. ಪಾಯಸದ ಹೊತ್ತಿಗೆ ಕೃಷ್ಣಮೋಹನರು ತಲೆ ತಗ್ಗಿಸಿ ಒಂದು ಮೂಲೆಯಲ್ಲಿ ಕೂತಿದ್ದರು. ಲೋಟಕ್ಕೆ ಪಾಯಸ ಬಗ್ಗಿಸಲು ಬಂದವರು ಖುದ್ದು ಸರ್ವೋತ್ತಮರೇ. ಇಷ್ಟು ಹೊತ್ತು 'ಕೃಷ್ಣಮೋಹನರೇ' ಎನ್ನುತ್ತಿದ್ದವರು ಈಗ 'ಭಾವ' ಎಂದು ಕರೆದದ್ದು ಕೇಳಿ, ಹಿಡಿಯಷ್ಟಾಗಿದ್ದ ಕೃಷ್ಣಮೋಹನರ ಜೀವ ಮತ್ತೆ ಅರಳಿತು.

"ಭಾವ, ಬರುವ ವರ್ಷ ಇದೇ ಪ್ರಸಂಗ ಮತ್ತೆ ಇಡುವ ಅಂತ ಉಂಟು. ನಿಮಗೊಂದು ಪಾತ್ರ ತೆಗೆದಿಟ್ಟಿದ್ದೇನೆ. ಕಾಗೆಯದ್ದು."

ಮುಖ್ಯ ಪಾತ್ರವೇ ಆಯಿತಲ್ಲ ಎಂದು ಕೃಷ್ಣಮೋಹನರು ಹಿಗ್ಗಿದರು. ಈ ಸಲ ಪೂರ್ತಿ ತಯಾರಿ ಮಾಡಿಯೇ ಬರಬೇಕೆಂದು ಅಲ್ಲಿಯೇ ನಿರ್ಧರಿಸಿ, ಕಾಗೆಗೆ ಅರ್ಥ ಎಷ್ಟು ಹೊತ್ತಿನದ್ದು ಉಂಟು ಎಂದು ಕೇಳಿದರು.

"ಅರ್ಥವೇ ಇಲ್ಲ ಭಾವ" ಎಂದರು ಸರ್ವೋತ್ತಮರು, ಇನ್ನೊಂದು ಸೌಟು ಪಾಯಸ ಬಗ್ಗಿಸುತ್ತಾ. "ಅದಕ್ಕೇ ನಿಮಗೆ ಕೊಟ್ಟದ್ದು."